ಸಾಸಿವೆ ನಿಲ್ಲದ ಡಬ್ಬಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಗೂ ಬೆಲ್ಲದ ಡಬ್ಬಿಗೂ ನಡುವೆ, ತಗಡಿನ ಒಂದು ಚೌಕ ಡಬ್ಬಿ ಕುಳಿತಿದೆ. ಅದರ ಮುಚ್ಚಳದ ಮೇಲೆ ಒಂದು ಕಾಲಕ್ಕೆ ದ್ರಾಕ್ಷಿ ಗೊಂಚಲಿನ ಚಿತ್ರವಿತ್ತು. ಈಗ ಗೊಂಚಲು ಸವೆದು ಎಲೆ ಮಾತ್ರ ಉಳಿದಿದೆ. ಹಿಂದೆ ನಾವು ಸಾಂಗಲಿಯ ಪೇಟೆಗೆ ಒಣದ್ರಾಕ್ಷಿಯ ಮಾದರಿ ಕಳಿಸುತ್ತಿದ್ದುದು ಇದರಲ್ಲೇ. ಆಮೇಲೆ ಯಾರೋ ಇದರ ಎರಡೂ ಮಗ್ಗುಲಿಗೆ ತೂತು ಕೊರೆದರು, ತಳಕ್ಕೆ ಸ್ಕ್ರೂ ಹೊಡೆದರು. ಸಾಸಿವೆ ಹಾಕಿದರೆ ಸೋರಿಹೋಗುತ್ತದೆ, ಜೀರಿಗೆ ಹಾಕಿದರೆ ತೂತಿನಿಂದ ಇಣುಕುತ್ತದೆ. ಮನೆಗೆ ಬಂದ ಹೆಣ್ಣುಮಕ್ಕಳು ಒಂದಲ್ಲ ಒಂದು ಸಲ ಅದನ್ನೆತ್ತಿ ತಿರುಗಿಸಿ, ಇಷ್ಟು ಜಿಪುಣಿಯೇ ಈಕೆ ಎಂಬಂತೆ ನನ್ನ ಮುಖ ನೋಡಿದ್ದಾರೆ. ಓದುಗ ಮಿತ್ರರೇ, ನೀವು ಬಂದರೂ ನೋಡುತ್ತೀರಿ. ಅದಕ್ಕೇ ನೀವು ಬರುವ ಮೊದಲೇ ಅದರ ಕಥೆ ಹೇಳಿಬಿಡುತ್ತೇನೆ.

ನಾನು ಸಾಂಗಲಿಗೆ ಸೊಸೆಯಾಗಿ ಬಂದವಳು. ನಮ್ಮವು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎನ್ನುವ ಜೈನ ಒಕ್ಕಲು ಮನೆತನಗಳು. ನನ್ನ ಗಂಡ ನೇಮಣ್ಣನವರಿಗೆ ಮಿರಜದಾಚೆ, ಕೃಷ್ಣೆಯಿಂದ ಸ್ವಲ್ಪ ಎತ್ತರದಲ್ಲಿ, ದ್ರಾಕ್ಷಿ ತೋಟವಿದೆ. ನಾನು ಬಂದ ಹೊಸದರಲ್ಲಿ ಅಲ್ಲಿ ಜೋಳ ಬೆಳೆಯುತ್ತಿದ್ದರು. ಆಮೇಲೆ ದೇಶದ ಬಾಗಿಲು ತೆರೆಯಿತು ಎಂದು ಪತ್ರಿಕೆಗಳು ಬರೆದವು, ನಮ್ಮ ಹೊಲಕ್ಕೆ ಕಬ್ಬಿಣದ ಕಂಬಗಳು ಬಂದವು, ಕಂಬದಿಂದ ಕಂಬಕ್ಕೆ ತಂತಿ ಎಳೆದು ಹಂದರ ಹಾಕಿದೆವು, ಹಡಗು ಹತ್ತುವ ಹಣ್ಣು ಬೆಳೆಯತೊಡಗಿದೆವು. ದೊಡ್ಡ ಲಾರಿ ತೋಟದವರೆಗೆ ಬರಲೆಂದು ದಾರಿಬದಿಯ ಬೇವು, ಹುಣಸೆಗಳನ್ನು ನಾವೇ ನಿಂತು ಕಡಿಸಿದೆವು. ಇತ್ತ ಊರೂ ಬೆಳೆಯಿತು. ಸಾಂಗಲಿ ಮಿರಜಗಳ ನಡುವಿನ ಬಯಲಿನಲ್ಲಿ ಮನೆಗಳೆದ್ದು ಎರಡೂ ಊರುಗಳು ಒಂದನ್ನೊಂದು ಮುಟ್ಟಿಕೊಂಡವು. ನಾನು ಮಾತ್ರ ಆಟೋದವನಿಗೆ ಇವತ್ತಿಗೂ ಇಲ್ಲದ ಟಾಕೀಜಿನ ಹತ್ತಿರ ಇಳಿಸು ಎನ್ನುತ್ತೇನೆ, ಅವನು ಹುಟ್ಟುವ ಮೊದಲೇ ಕೆಡವಿದ ಟಾಕೀಜು ಅದು. ಪಾಪ, ಅವನು ಹೇಗೋ ಸರಿಯಾದಲ್ಲೇ ಇಳಿಸುತ್ತಾನೆ.

ಸುಜಾತಾ ನಮ್ಮ ಭಾವನ ಮಗಳು, ನೇಮಣ್ಣನವರಿಗೆ ಕಾಕಾ ಎನ್ನುವವಳು, ನನಗೆ ಕಾಕೂ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಅರ್ಧಕ್ಕೆ ಮರಾಠಿಗೆ ಹೊರಳುತ್ತಾಳೆ. ಎಂಜಿನಿಯರಿಂಗ್ ಓದಿದಳು, ಎಲ್ಲಿಗೂ ಹೋಗದೆ, ಮಾಧವನಗರದಲ್ಲಿ ಮುಚ್ಚಿಹೋದ ಗಿರಣಿಯ ಆವರಣದಲ್ಲೊಂದು ಕೋಣೆ ಹಿಡಿದು, ಮಗ್ಗದ ಸದ್ದು ನಿಂತ ಜಾಗದಲ್ಲಿ ತಂತಿ, ಬೆಸುಗೆ, ಪುಟ್ಟ ಪುಟ್ಟ ಹಸಿರು ಸರ್ಕಿಟ್ ಹಲಗೆಗಳ ಸಂಸಾರ ಹೂಡಿದಳು. ಅವಳು ಮಾಡಹೊರಟದ್ದು ದ್ರಾಕ್ಷಿ ತೋಟದಲ್ಲಿ ಔಷಧ ಸಿಂಪಡಿಸುವ ಟ್ರ್ಯಾಕ್ಟರಿಗೆ ತಾನು ಎಲ್ಲಿದ್ದೇನೆಂದು ತಿಳಿಸುವ ಯಂತ್ರ. ನಗಬೇಡಿ. ಎಲೆ ಕವಿದ ಹಂದರದ ಅಡಿಯಲ್ಲಿ ಸಾಲೆಲ್ಲ ಒಂದೇ ಥರ ಕಾಣುತ್ತವೆ. ಡ್ರೈವರ್ ಮಾತಿನಲ್ಲಿ ಮರೆತು ಒಂದು ಸಾಲಿಗೆ ಎರಡು ಸಲ ಹೊಡೆದರೆ ಔಷಧದ ಅಂಶ ಹೆಚ್ಚಾಗಿ ಹಣ್ಣು ಪರದೇಶದ ಬಂದರಿನಿಂದ ತಿರುಗಿ ಬರುತ್ತದೆ, ಒಂದು ಸಾಲು ಬಿಟ್ಟರೆ ಬೂದಿರೋಗ ತೋಟವನ್ನೇ ತಿನ್ನುತ್ತದೆ. ಮೊದಲ ಯಂತ್ರವನ್ನು ಹಾಕಲು ಅವಳಿಗೆ ಪೆಟ್ಟಿಗೆ ಸಿಗಲಿಲ್ಲ. ನನ್ನ ಅಡುಗೆಮನೆಗೆ ಬಂದಳು, ಕಟ್ಟೆಯ ಮೇಲೆಲ್ಲ ಕಣ್ಣಾಡಿಸಿದಳು, ಈ ಡಬ್ಬಿಯನ್ನು ಎತ್ತಿಕೊಂಡು ಹೋದಳು. ಒಳಗಿದ್ದ ಒಣದ್ರಾಕ್ಷಿಯನ್ನು, ಇಲ್ಲಿಯವರ ಬಾಯಲ್ಲಿ ಅದು ಬೇದಾಣಾ, ತಟ್ಟೆಗೆ ಸುರಿದು ಹೋದಳೆಂಬುದಷ್ಟೇ ಸಮಾಧಾನ.

ಅದೇ ತಟ್ಟೆಯ ಮೇಲೆ ಮುಂದೊಂದು ದಿನ ಅವಳು ನನಗೂ ನೇಮಣ್ಣನವರಿಗೂ ಆ ಯಂತ್ರದ ಬುದ್ಧಿಯನ್ನು ಬಿಡಿಸಿ ತೋರಿಸಿದಳು. ಡಬ್ಬಿಯೊಳಗೆ ಇಬ್ಬರು ಸಾಕ್ಷಿದಾರರಿದ್ದಾರಂತೆ. ಒಬ್ಬನು ಆಕಾಶದ ಉಪಗ್ರಹಗಳ ಮಾತು ಕೇಳಿ ನೀನು ಇಂಥಲ್ಲಿದ್ದೀ ಎನ್ನುವವನು. ಸುಳ್ಳುಗಾರನಲ್ಲ, ಆದರೆ ಚಂಚಲ, ಒಂದು ಮನೆಯಗಲ ಅತ್ತಿತ್ತ ಜಿಗಿಯುತ್ತಾನೆ, ಎಲೆಯ ಅಡಿ ಹೋದರೆ ಮೌನಿಯಾಗುತ್ತಾನೆ. ಇನ್ನೊಬ್ಬನು ಕಣ್ಣಿಲ್ಲದವನು, ಹೊರಗಿನದೇನೂ ಅವನಿಗೆ ತಿಳಿಯದು. ನೂಕಿದರೆ ನೂಕು, ತಿರುಗಿಸಿದರೆ ತಿರುವು, ಇಷ್ಟನ್ನೇ ಮೈಯಲ್ಲಿ ಅನುಭವಿಸಿ ಈಗ ಇಷ್ಟು ಮುಂದೆ ಬಂದೆ, ಈಗ ಬಲಕ್ಕೆ ಹೊರಳಿದೆ ಎಂದು ಲೆಕ್ಕ ಇಡುತ್ತಾನೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಾಗಲೂ ತಿರುವು ಬಂತೆಂದು ನಮ್ಮ ಹೊಟ್ಟೆಗೆ ಗೊತ್ತಾಗುವುದಿಲ್ಲವೇ, ಹಾಗೆ. ಅವನ ತೊಂದರೆಯೆಂದರೆ ಮೊದಲಲ್ಲಿ ಮಾಡಿದ ಸಣ್ಣ ತಪ್ಪು ಹೋಗ್ತಾ ಹೋಗ್ತಾ ದೊಡ್ಡದಾಗುವುದು, ಮತ್ತು ಅದು ಅವನಿಗೆ ತಿಳಿಯದೇ ಇರುವುದು.

ಇಬ್ಬರನ್ನೂ ಪೂರ್ತಿ ನಂಬುವಂತಿಲ್ಲ, ಇಬ್ಬರನ್ನೂ ಬಿಡುವಂತಿಲ್ಲ. ಹಾಗಾದರೆ ಏನು ಮಾಡುವುದು? ಸುಜಾತಾ ಒಂದು ಹಿಡಿ ಒಣದ್ರಾಕ್ಷಿಯನ್ನು ತಟ್ಟೆಯಲ್ಲಿ ಹರಡಿದಳು. "ಇವು ಒಂದೊಂದೂ ಒಂದು ಅಂದಾಜು, ಕಾಕೂ. ಟ್ರ್ಯಾಕ್ಟರ್ ಇಲ್ಲಿ ಇರಬಹುದು, ಇಲ್ಲಿ ಇರಬಹುದು, ಇಲ್ಲೂ ಇರಬಹುದು." ಕುರುಡ ಸಾಕ್ಷಿದಾರ ಮುಂದೆ ಹೋದೆ ಎಂದರೆ ಎಲ್ಲ ಕಾಳುಗಳನ್ನೂ ಬೆರಳಿಂದ ಮುಂದೆ ಸರಿಸಿದಳು, ತಿರುಗಿದೆ ಎಂದರೆ ಒಂದೊಂದನ್ನೂ ಅದರದರ ಜಾಗದಿಂದ ತಿರುಗಿಸಿದಳು. ನೆಟ್ಟಗೆ ಹೋಗುವಾಗ ಒಂದೇ ಗುಂಪಾಗಿ ಸಾಗುವ ಅಂದಾಜುಗಳು ತಿರುವಿನಲ್ಲಿ ಬಾಳೆಹಣ್ಣಿನ ಹಾಗೆ ಬಾಗಿ ಚೆದುರುತ್ತವೆ. ನೆಟ್ಟಗೆರೆಯ ಲೆಕ್ಕ ಅಲ್ಲಿ ನಡೆಯದು, ಆದ್ದರಿಂದಲೇ ಇಷ್ಟೊಂದು ಕಾಳು ಬೇಕಾಗುವುದು ಎಂದಳು. ಆಮೇಲೆ ಆಕಾಶದವನ ಮಾತು ಬರುತ್ತದೆ. ಅವನು ಹೇಳಿದ ಜಾಗಕ್ಕೆ ಹತ್ತಿರವಿದ್ದವು ಉಳಿಯುತ್ತವೆ, ದೂರವಿದ್ದವು ಹೋಗುತ್ತವೆ. ಹೋಗುವುದು ಎಂದರೆ ಏನೆಂದು ತೋರಿಸಲು ಅವಳು ದೂರದವನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಳು. ಸಕ್ಕರೆ ಕಾಯಿಲೆಯ ನೇಮಣ್ಣನವರು ತಟ್ಟೆಯನ್ನೇ ನೋಡುತ್ತ, "ಈ ವಿದ್ಯಾ ನನಗೂ ಕಲಿಸವಾ" ಎಂದರು.

ನಾನು ನಗಲಿಲ್ಲ. ನನಗೆ ಮೈ ಜುಮ್ಮೆಂದಿತ್ತು. ಕಣ್ಣಿಗೆ ಕಾಣದ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಗಡಿಯಾರಗಳು ಪಿಸುಗುಟ್ಟುವುದು, ಆ ಪಿಸುಮಾತು ನಮ್ಮ ತೋಟದ ಎಲೆಯ ಮೇಲೆ ಬೀಳುವುದು, ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ತೂಕ ಆ ಕುರುಡ ಸಾಕ್ಷಿದಾರನ ಸಿಲಿಕಾನಿನ ಹೊಟ್ಟೆಯಲ್ಲಿ ನಡುಗಿ ಟ್ರ್ಯಾಕ್ಟರಿನ ಪ್ರತಿ ಕುಲುಕನ್ನೂ ನೆನಪಿಡುವುದು, ಇವೆಲ್ಲ ಸೋಜಿಗವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಫೋನಿನ ಪರದೆಯ ಮೇಲಿದ್ದ ಒಂದು ನೀಲಿ ವರ್ತುಲ. ನಾನು ಇಲ್ಲಿದ್ದೇನೆ ಎಂದು ಹೇಳುವ ನೀಲಿ ಚುಕ್ಕೆಯ ಸುತ್ತ ಆ ವರ್ತುಲ ಉಸಿರಾಡುತ್ತಿತ್ತು. ಖಾತ್ರಿಯಿದ್ದಾಗ ಚಿಕ್ಕದಾಗುತ್ತದೆ, ಅನುಮಾನವಿದ್ದಾಗ ಅಗಲವಾಗುತ್ತದೆ. ತನಗೆ ಎಷ್ಟು ಗೊತ್ತಿಲ್ಲ ಎಂಬುದನ್ನೂ ಜೊತೆಗೇ ಅಳೆದು ತೋರಿಸುವ ಯಂತ್ರ! ಅರವತ್ತು ದಾಟಿದ ನನಗೆ ಅಂಥ ಮನುಷ್ಯರು ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ನಮ್ಮ ಮನೆತನದಲ್ಲಂತೂ, ನನ್ನನ್ನೂ ಸೇರಿಸಿ, ಎಲ್ಲರ ವರ್ತುಲವೂ ಹುಟ್ಟಿದಾಗಿನಿಂದ ಚಿಕ್ಕದೇ.

ಆ ಮಳೆಗಾಲದಲ್ಲಿ ಕೃಷ್ಣೆ ಏರಿದಳು. ಏರುವುದು ನಮಗೆ ಹೊಸದಲ್ಲ. ನೀರು ಯಾವ ಗುರುತಿಗೆ ಬಂದರೆ ಯಾವ ಓಣಿಯವರು ಗಂಟು ಕಟ್ಟಬೇಕೆಂದು ಸಾಂಗಲಿಯಲ್ಲಿ ಎಲ್ಲರಿಗೂ ಗೊತ್ತು. ಆ ಗೊತ್ತಿನ ಮೇಲೆಯೇ ನೇಮಣ್ಣನವರು ಮನೆಯ ಎಮ್ಮೆಗಳನ್ನು ಎತ್ತರದ ಜಾಗದಲ್ಲಿ ಕಟ್ಟಿಬರಲು ತೋಟಕ್ಕೆ ಹೋದರು, ರಾತ್ರಿ ಅಲ್ಲೇ ಉಳಿದರು, ನಮ್ಮ ತೋಟಕ್ಕೆ ನೀರು ಬಂದದ್ದೇ ಇಲ್ಲವೆಂದು. ಈ ಸಲ ಬಂತು. ಮರುದಿನ ಮುಂಜಾನೆ ಅವರ ಫೋನು ಬಂತು. "ನೀರು ಪಡಸಾಲ್ಯಾಗ ಬಂದಾವ. ಎಮ್ಮಿ ಹಗ್ಗ ಬಿಚ್ಚಿ ಬಿಟ್ಟೇನಿ. ನನ್ನ ಔಷಧದ ಚೀಲ ಹರಕೊಂಡು ಹೋತು. ನಾ ಶೆಡ್ಡಿನ ಮ್ಯಾಲ ಅದೇನಿ, ಕಾಳಜಿ ಮಾಡಬ್ಯಾಡ." ಆಮೇಲೆ ಫೋನು ಸತ್ತಿತು.

ಔಷಧವೆಂದರೆ ಇನ್ಸುಲಿನ್. ಅದಿಲ್ಲದೆ ಅವರು ಹೆಚ್ಚು ಹೊತ್ತು ತಡೆಯುವವರಲ್ಲವೆಂದು ಡಾಕ್ಟರು ನನಗೆ ಮೊದಲೇ ಒತ್ತಿ ಹೇಳಿದ್ದರು. ರಕ್ಷಣೆಯ ದೋಣಿಗಳೆಲ್ಲ ಸಾಂಗಲಿಯ ಓಣಿಗಳಲ್ಲಿದ್ದವು, ನಮ್ಮ ಸರದಿ ಯಾವಾಗಲೆಂದು ಯಾರೂ ಹೇಳುತ್ತಿರಲಿಲ್ಲ. ನಾನು ರೊಟ್ಟಿ ಪಲ್ಯ ಕಟ್ಟಿಕೊಂಡು, ಇನ್ಸುಲಿನನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟುಕೊಂಡು, ಮಿರಜದಾಚೆ ರಸ್ತೆ ನೀರಿನೊಳಗೆ ಇಳಿದುಹೋಗುವ ಜಾಗಕ್ಕೆ ಬಂದು ನಿಂತೆ. ಆ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ನಮ್ಮವರು ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ, ಚಾತುರ್ಮಾಸದಲ್ಲಂತೂ ಮೊದಲೇ ಇಲ್ಲ. ಶೆಡ್ಡಿನ ಮೇಲೆ ಕೂತರೂ ಆ ನೇಮ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಹೊಟ್ಟೆ ಖಾಲಿಯಿದ್ದು ಸೂಜಿ ಚುಚ್ಚಿಕೊಂಡರೆ ಅದೂ ಅಪಾಯವೇ. ಹೊತ್ತು ಮುಳುಗುವುದರೊಳಗೆ ಮುಟ್ಟಲೇಬೇಕಿತ್ತು.

ಅಲ್ಲಿ ಎಂಜಿನ್ ದೋಣಿಯೊಂದಿತ್ತು, ಹೊಳೆಯ ಘಾಟಿನಲ್ಲಿ ಜನರನ್ನು ದಾಟಿಸುವ ದಸ್ತಗೀರನದು. ನಾನು ಕೈಮುಗಿದೆ. ಅವನು ನೀರಿನ ಕಡೆ ಕೈ ಮಾಡಿದ. "ಹೊಳಿ ಆದ್ರ ಬರ್ತಿದ್ನಿ ವೈನಿ. ಇದು ಹೊಳಿ ಅಲ್ಲ, ನಿಮ್ಮ ತೋಟ. ನೀರಾಗ ಕಬ್ಬಿಣ ನಿಂತದ. ನಿನ್ನಿ ನಮ್ಮವರದೊಂದು ದೋಣಿ ತಳಾ ಹರಕೊಂಡು ಬಂತು." ಅವನ ಮಾತು ನಿಜ. ನೀರು ಸರಿಯಾಗಿ ಹಂದರದ ತಂತಿಗಳನ್ನು ಮುಚ್ಚುವಷ್ಟೇ ಏರಿತ್ತು. ಇಡೀ ಸೀಮೆಯ ದ್ರಾಕ್ಷಿ ಕಂಬಗಳು ಮೊನೆ ಮೇಲೆ ಮಾಡಿಕೊಂಡು ಅಡಗಿ ನಿಂತಿದ್ದವು. ದೋಣಿ ಉಳಿಯಬೇಕೆಂದರೆ ಮುಳುಗಿದ ದಾರಿಯ ಮೇಲೆಯೇ ಹೋಗಬೇಕು, ಒಂದು ಲಾರಿಯಗಲದ ದಾರಿ. ಗುರುತಿಗೆ ಮರಗಳಿಲ್ಲ, ಕಡಿಸಿದವರು ನಾವೇ. ಕರೆಂಟಿನ ಕಂಬಗಳು ದಾರಿಯ ಜೊತೆ ಹೋಗದೆ ಹೊಲಗಳನ್ನು ಅಡ್ಡ ಹಾಯ್ದು ಹೋಗಿವೆ. ಎತ್ತ ನೋಡಿದರೂ ಚಹಾದ ಬಣ್ಣದ ನೀರು.

ಅಷ್ಟರಲ್ಲಿ ಸುಜಾತಾ ಮೋಟರ್‌ಸೈಕಲ್ಲಿನಿಂದ ಇಳಿದು ಬಂದಳು, ಮೊಣಕಾಲವರೆಗೆ ಕೆಸರು, ಎದೆಗವಚಿದ ಚೀಲದಲ್ಲಿ ನನ್ನ ಡಬ್ಬಿ. ತೋಟದ ಟ್ರ್ಯಾಕ್ಟರಿನಿಂದ ರಿಪೇರಿಗೆಂದು ಅದನ್ನು ಬಿಚ್ಚಿ ತಂದಿದ್ದಳಂತೆ. "ಕಾಕೂ, ರಸ್ತಾ ನನ್ನ ಕಡಿ ಅದ" ಎಂದಳು. ಟ್ರ್ಯಾಕ್ಟರು ದಿನವೂ ಓಡಾಡಿದ ಹಾದಿ ಡಬ್ಬಿಯೊಳಗೆ ಗೆರೆಯಾಗಿ ಉಳಿದಿತ್ತು. ಆ ಗೆರೆಯನ್ನೂ ಅದರ ಮೇಲಿನ ನೀಲಿ ಚುಕ್ಕೆಯನ್ನೂ ದಸ್ತಗೀರನಿಗೆ ತೋರಿಸಿದಳು. ಅವನು ನನ್ನ ಫ್ಲಾಸ್ಕನ್ನೊಮ್ಮೆ, ಅವಳ ಫೋನನ್ನೊಮ್ಮೆ ನೋಡಿ, "ಕುಂದ್ರಿ" ಎಂದ. ಡಬ್ಬಿಯನ್ನು ಅಲುಗಾಡದಂತೆ ಹಲಗೆಗೆ ನನ್ನ ಸೆರಗಿನ ಅಂಚು ಹರಿದು ಕಟ್ಟಿದೆವು. ನಾನು ಪರದೆಯ ಮೇಲೆ ಕೊಡೆ ಹಿಡಿದೆ.

ಸ್ವಲ್ಪ ದೂರ ಎಲ್ಲ ಸರಿಯಿತ್ತು. ಆಮೇಲೆ ಪರದೆಯ ಮೇಲೆ ಒಂದು ವಿಚಿತ್ರ ಕಂಡೆ. ಆಕಾಶದವನ ಮಾತನ್ನು ತೋರಿಸುವ ಕೆಂಪು ಚುಕ್ಕೆಗಳು ಗೆರೆಯಿಂದ ಎಡಕ್ಕೆ, ಎಡಕ್ಕೆ ಬೀಳತೊಡಗಿದವು. ನೀಲಿ ಚುಕ್ಕೆ ಮಾತ್ರ ಗೆರೆಯ ಮೇಲೆಯೇ ಸಾಗಿತ್ತು, ಅದರ ಸುತ್ತಲಿನ ವರ್ತುಲ ಕಡಲೆ ಕಾಳಿನಷ್ಟು ಚಿಕ್ಕದು. ಎಷ್ಟೊಂದು ಖಾತ್ರಿ ಎಂದು ನನಗೆ ಧೈರ್ಯವಾಯಿತು. ಆಗಲೇ ದೋಣಿಯ ತಳದಲ್ಲಿ ಕರ್ರ್ ಎಂದು ಏನೋ ಸವರಿಕೊಂಡು ಹೋಯಿತು. ಆ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ.

"ಥಾಂಬಾ ಕಾಕಾ, ಥಾಂಬಾ" ಎಂದು ಸುಜಾತಾ ಮರಾಠಿಯಲ್ಲಿ ದಸ್ತಗೀರನಿಗೆ ನಿಲ್ಲಿಸಲು ಕೂಗಿದಳು. ಅವನು ಎಂಜಿನ್ ತಗ್ಗಿಸಿ, ನೀರಿನ ಮೇಲೆ ತಲೆಯೆತ್ತಿದ್ದ ಜಾಲಿ ಮರವೊಂದಕ್ಕೆ ಹಗ್ಗ ಎಸೆದು ದೋಣಿ ಹಿಡಿದ. ಅವನ ಮುಂಗೈ ಮುಳ್ಳು ಗೀರಿ ರಕ್ತವಾಯಿತು. ಸುಜಾತಾ ಕೆಂಪು ಚುಕ್ಕೆಗಳನ್ನೂ ನೀಲಿ ಚುಕ್ಕೆಯನ್ನೂ ನೋಡುತ್ತ ನೋಡುತ್ತ ಬಿಳಿಚಿದಳು. "ಕಾಕೂ, ಇದಕ್ಕ ಇದು ದೋಣಿ ಅಂತ ಗೊತ್ತಿಲ್ಲ" ಎಂದಳು. "ಗಾಲಿ ಅದಾವಂತ ನಂಬೇದ. ಟ್ರ್ಯಾಕ್ಟರ್ ಮುಂದ ಹೋಗತದ, ತಿರಗತದ, ಅಡ್ಡ ಸರಿಯಂಗಿಲ್ಲ ಅಂತ ನಾನೇ ಕಲಿಸೇನಿ. ಒಂದು ಬೇದಾಣಾನೂ ಅಡ್ಡ ಹೋಗದಂಗ ಕಟ್ಟೇನಿ."

ನೀರು ನಮ್ಮನ್ನು ಎಡಕ್ಕೆ ಸರಿಸುತ್ತಲೇ ಇತ್ತು. ಆಕಾಶ ಅದನ್ನು ಮತ್ತೆ ಮತ್ತೆ ಹೇಳುತ್ತಲೇ ಇತ್ತು. ಅಡ್ಡ ಸರಿಯುವುದು ಜಗತ್ತಿನಲ್ಲೇ ಇಲ್ಲವೆಂದು ಮೊದಲೇ ನಂಬಿದ ಡಬ್ಬಿ ಆ ಮಾತನ್ನೆಲ್ಲ ಚಂಚಲನ ಜಿಗಿತವೆಂದು ತಳ್ಳಿಹಾಕಿ, ತಪ್ಪಿನ ಮೇಲೆ ನಿಶ್ಚಿಂತೆಯಿಂದ ಕುಳಿತಿತ್ತು. ಕಡಲ ದಂಡೆಯವರು ಮಾಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಉಳುವವರ ಮನೆಯ ಹುಡುಗಿ, ಉಳುವ ಯಂತ್ರಕ್ಕೆ, ಉಳುವ ನೆಲದ ಬುದ್ಧಿಯನ್ನೇ ಕೊಟ್ಟಿದ್ದಳು. "ಹಂಗಾರ ಬಿಡು ಆ ಬೇದಾಣಾಗಳನ್ನ, ಅಡ್ಡ ಹೋಗಲಿ" ಎಂದೆ.

ಅವಳು ಮೊಣಕಾಲ ಮೇಲೆ ಲ್ಯಾಪ್‌ಟಾಪ್ ತೆರೆದು, ಒದ್ದೆ ಬೆರಳನ್ನು ನನ್ನ ಸೀರೆಗೆ ಒರೆಸಿಕೊಳ್ಳುತ್ತ, ಆ ಒಂದು ನಂಬಿಕೆಯನ್ನು ಹುಡುಕಿ ಅಳಿಸಿದಳು. ನಾನು ಪಶ್ಚಿಮದ ಕಡೆ ನೋಡುತ್ತಿದ್ದೆ, ಮೋಡದ ಹಿಂದೆ ಬೆಳಕು ಕೆಳಗಿಳಿಯುತ್ತಿತ್ತು. ಡಬ್ಬಿ ಮತ್ತೆ ಎಚ್ಚೆತ್ತಾಗ ನೀಲಿ ವರ್ತುಲ ಪರದೆಯ ತುಂಬ ಹಬ್ಬಿತು. ಅಷ್ಟಗಲದ ಅಜ್ಞಾನವನ್ನು ಕಂಡು ನನಗೆ ಭಯವಾಗಬೇಕಿತ್ತು. ಆಗಲಿಲ್ಲ, ಯಾರೋ ಕೊನೆಗೂ ನಿಜ ಒಪ್ಪಿಕೊಂಡಂತೆ ಸಮಾಧಾನವಾಯಿತು. ಜಾಲಿ ಮರಕ್ಕೆ ಜೋತು ಅಲ್ಲೇ ತೂಗುತ್ತ ಕಾದೆವು. ಕೆಂಪು ಚುಕ್ಕೆಗಳು ಒಂದರ ಮೇಲೊಂದು ಉದುರಿದವು, ವರ್ತುಲ ಇಷ್ಟಿಷ್ಟೇ ಕುಗ್ಗಿತು, ನಾವು ದಾರಿಯಿಂದ ಎಷ್ಟು ಎಡಕ್ಕೆ, ಯಾರ ತೋಟದ ತಂತಿಯ ಮೇಲೆ ತೇಲುತ್ತಿದ್ದೇವೆಂದು ತೋರಿಸಿತು. ಆ ಸಂಜೆ ನಾನು ಕಂಡದ್ದಕ್ಕೆ ಕೈಮುಗಿಯಬೇಕೆನಿಸಿತು, ಆದರೆ ಕೈಯಲ್ಲಿ ಕೊಡೆಯಿತ್ತು.

ದಸ್ತಗೀರ ಹುಟ್ಟುಗೋಲಿನಿಂದ ಆಳ ನೋಡುತ್ತ ದೋಣಿಯನ್ನು ಹಿಂದೆ ತೆಗೆದ, ಬಲಕ್ಕೆ ತಂದ. ಹುಟ್ಟಿಗೆ ಗಟ್ಟಿ ಡಾಂಬರು ತಾಗಿದಾಗ ತಲೆಯಾಡಿಸಿದ. ಅಲ್ಲಿಂದ ಮುಂದೆ ಅವನು ದೋಣಿಯ ಮೂತಿಯನ್ನು ಪ್ರವಾಹಕ್ಕೆ ಓರೆಯಾಗಿ ಹಿಡಿದು, ಅಡ್ಡ ಅಡ್ಡ ಸರಿಯುತ್ತಲೇ ದಾರಿಯ ಮೇಲೆ ನೆಟ್ಟಗೆ ಸಾಗಿದ. ಡಬ್ಬಿ ಅದನ್ನು ತಿಳಿದುಕೊಂಡಿತು. ಬಯಲಿನಂಥ ನೀರಿನಲ್ಲಿ, ಏನೂ ಕಾಣದ ಒಂದು ಜಾಗದಲ್ಲಿ, ಸುಜಾತಾ "ಇಲ್ಲಿ ತಿರುವು" ಎಂದಳು. ದೋಣಿ ತಿರುಗಿತು. ಅಲ್ಲೊಂದು ಹುಣಸೆ ಮರವಿತ್ತು ಒಂದು ಕಾಲಕ್ಕೆ, ಮದುವೆಯಾಗಿ ಬಂದಾಗ ಬಂಡಿ ನಿಲ್ಲಿಸಿ ನನಗೆ ನೀರು ಕುಡಿಸಿದ್ದು ಅದರ ನೆರಳಿನಲ್ಲಿ.

ನೇಮಣ್ಣನವರು ಒಣದ್ರಾಕ್ಷಿ ಶೆಡ್ಡಿನ ತಗಡಿನ ಮೇಲೆ, ದಾರಿಗೆ ಮುಖ ಮಾಡಿ ಕುಳಿತಿದ್ದರು. ತುಟಿ ಒಣಗಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ದೋಣಿ ತಾಗಿದಾಗ ಅವರು ಕೇಳಿದ ಮೊದಲ ಮಾತು, "ಸೂರ್ಯಾ ಇನ್ನೂ ಅದಾನೇನ?"

"ಅದಾನ. ಮೊದಲ ಸೂಜಿ" ಎಂದೆ. ನಾನು ಫ್ಲಾಸ್ಕು ತೆರೆದುಕೊಟ್ಟೆ, ಸುಜಾತಾ ಚುಚ್ಚಿದಳು. ಅವರು ರೊಟ್ಟಿ ಮುರಿದು ಬಾಯಿಗಿಟ್ಟಾಗ ಮೋಡದಂಚಿನಲ್ಲಿ ಇನ್ನೂ ಕೆಂಪಿತ್ತು. ನಾನು ಅಲ್ಲೇ ತಗಡಿನ ಮೇಲೆ ಕೂತು ಅತ್ತೆ. ಅವರು ತಿನ್ನುವುದನ್ನು ನಿಲ್ಲಿಸದೆ ಹೇಳಿದರು, "ದೂರದಾಗ ದೋಣಿ ಕಾಣಿಸ್ತು. ಯಾರೋ ಏನೋ ಅಂದ್ನಿ. ಎಲ್ಲಾ ಕಡಿ ನೀರ ಇದ್ರೂ ನೆಟ್ಟಗ ಬರಲಿಲ್ಲ, ಹುಣಸಿ ಗಿಡದ ಹತ್ರ ತಿರುವು ಹಾಕೊಂಡು ಬಂತು. ಆವಾಗ ಗೊತ್ತಾತು, ನಮ್ಮವರ ಅಂತ."

ಮಿರಜದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಅವರು ಮನೆಗೆ ಬಂದರು. ಎಮ್ಮೆಗಳಲ್ಲಿ ಒಂದು ಸಿಕ್ಕಿತು, ಒಂದು ಸಿಗಲಿಲ್ಲ. ಸುಜಾತಾಳ ಯಂತ್ರ ಈಗ ನೀರು ಹೊಗದ ಹೊಸ ಪೆಟ್ಟಿಗೆಯಲ್ಲಿ ಊರೂರಿಗೆ ಹೋಗುತ್ತದೆ. ಹೊರಡುವ ಮೊದಲು ಗಾಲಿಯೋ ನೀರೋ ಎಂದು ಕೇಳುತ್ತದಂತೆ. ನಾನೂ ಯಾರ ವಿಷಯದಲ್ಲಾದರೂ ಅವರು ಹೀಗೇ, ಬದಲಾಗುವವರಲ್ಲ ಎಂದು ಹೇಳಹೋದಾಗ ಆ ಕರ್ರ್ ಸದ್ದು ಕೇಳಿಸಿ ಒಂದು ಗಳಿಗೆ ತಡೆಯುತ್ತೇನೆ. ಪ್ರತಿಸಲವೂ ಅಲ್ಲ, ಹಳೆಯ ಡಬ್ಬಿ ನಾನು.

ತಗಡಿನ ಡಬ್ಬಿ ಅಡುಗೆಮನೆಗೆ ಮರಳಿತು. ಸಾಸಿವೆ ನಿಲ್ಲದ ಅದರಲ್ಲಿ ಒಣದ್ರಾಕ್ಷಿ ನಿಲ್ಲುತ್ತದೆ, ಕಾಳು ದಪ್ಪ, ತೂತು ಸಣ್ಣದು. ಡಾಕ್ಟರು ನೇಮಣ್ಣನವರಿಗೆ ದಿನಕ್ಕೆ ಕೆಲವೇ ಕಾಳು ತಿನ್ನಲು ಒಪ್ಪಿದ್ದಾರೆ. ಹೊತ್ತು ಮುಳುಗುವ ಮುಂಚೆ, ಊಟವಾದ ಮೇಲೆ, ಅವರು ಅಷ್ಟನ್ನೂ ತಟ್ಟೆಯಲ್ಲಿ ಹರಡಿಕೊಂಡು ಕೂರುತ್ತಾರೆ. "ಇಲ್ಲಿ ಇಲ್ಲ" ಎನ್ನುತ್ತ ಒಂದನ್ನು ಬಾಯಿಗೆ ಹಾಕುತ್ತಾರೆ, "ಇಲ್ಲೂ ಇಲ್ಲ" ಎನ್ನುತ್ತ ಇನ್ನೊಂದನ್ನು. ಕೊನೆಯ ಕಾಳನ್ನು ಮಾತ್ರ ತಿನ್ನದೆ ತಟ್ಟೆಯನ್ನು ನನ್ನ ಕಡೆ ಸರಿಸುತ್ತಾರೆ. "ಇದನ್ನ ತಿನ್ನಬಾರದು. ನಾವು ಇಲ್ಲೇ ಅದೀವಿ."